ಮೊದಲ ದರ್ಜೆಯ ಕಪ್ಪು ಬೀಜ

ಮೊನ್ನೆ ಗ್ಯಾಸ್ ಒಲೆ ರಿಪೇರಿಗೆ ಬಂದವರೊಬ್ಬರಿಗೆ ಜಗ್ಗಿನಿಂದ ನೀರು ಬಗ್ಗಿಸಿ ಕೊಟ್ಟೆ. ಅವರು ನೀರು ಕುಡಿಯುವುದು ಬಿಟ್ಟು ನನ್ನ ಕೈಯನ್ನೇ ನೋಡುತ್ತ, "ಮೊದ್ಲು ಹೋಟ್ಲು ಇಟ್ಟಿದ್ರೇನ್ ಸಾರ್?" ಎಂದು ಕೇಳಿದರು.

ಇಟ್ಟಿರಲಿಲ್ಲ. ಆದರೆ ಅವರ ಅನುಮಾನ ತೀರ ತಪ್ಪೂ ಅಲ್ಲ. ನೀರು ಬಗ್ಗಿಸಿ ಮುಗಿಸುವಾಗ ನನ್ನ ಮಣಿಕಟ್ಟು ತಾನಾಗಿಯೇ ಒಂದು ಸಲ ಹೊರಳುತ್ತದೆ. ಕೊನೆಯ ಹನಿ ಅಂಚಿನಿಂದ ಜಾರಿ ಎದುರಿನವರ ಬಟ್ಟೆಯ ಮೇಲೆ ಬೀಳಬಾರದೆಂದು ಕಲಿತ ವಿದ್ಯೆ ಅದು. ಅಷ್ಟರಲ್ಲಿ ಎಡಗೈ ಬೆನ್ನ ಹಿಂದೆ ಹೋಗಿ ನಿಂತಿರುತ್ತದೆ. ಮನೆಯಲ್ಲಿ ಸಾರು ಬಡಿಸಿದರೂ ಹೀಗೇ. "ನೀವು ಬಡ್ಸಿ ಮುಗ್ಸಾದ್ರಾಗೆ ಅನ್ನ ಆರಿ ಹೋಗ್ತೈತೆ ನೋಡ್ರಿ" ಎಂದು ನನ್ನ ಹೆಂಡತಿ ನಲವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾಳೆ.

ಈ ಕೈ ಹನ್ನೊಂದು ವರ್ಷ ವಿಮಾನದಲ್ಲಿ ಬಡಿಸಿದೆ. ಅದರಲ್ಲಿ ಎಂಟು ವರ್ಷ ಮೊದಲ ದರ್ಜೆಯಲ್ಲಿ, ಮೋಡಗಳ ಮೇಲೆ, ಷಾಂಪೇನು ಬಗ್ಗಿಸಿದೆ. ನ್ಯಾಮತಿಯ ಹಾಲಪ್ಪ ಮೇಷ್ಟ್ರ ಮಗನಿಗೆ ಇಂಥ ಯೋಗ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನಗೂ ಅದು ಪೂರ್ತಿ ಗೊತ್ತಿಲ್ಲ.

ನಾನು ಹುಟ್ಟಾ ಅಂಜುಬುರುಕ. ಶಿವಮೊಗ್ಗದಲ್ಲಿ ಬಿ.ಎ. ಮುಗಿಸಿ ಬೊಂಬಾಯಿಗೆ ಹೋಗಿ ಟೈಪಿಸ್ಟ್ ಆದೆ. ತಪ್ಪಾದೀತು ಎಂಬ ಹೆದರಿಕೆಯಲ್ಲೇ ಸಾಲಿಗೊಂದು ತಪ್ಪು ಮಾಡುತ್ತಿದ್ದೆ. ಇಲ್ಲಿಂದ ಓಡಿಸುವ ಮೊದಲು ನಾನೇ ಓಡಬೇಕು ಅಂದುಕೊಳ್ಳುತ್ತಿದ್ದಾಗ ವಿಮಾನ ಕಂಪನಿಯೊಂದರ ಜಾಹೀರಾತು ಕಂಡಿತು. ಸಂದರ್ಶನದಲ್ಲಿ ಎತ್ತರ ಅಳೆದರು, ಹಲ್ಲು ನೋಡಿದರು, ತುಂಬಿದ ಲೋಟಗಳ ತಟ್ಟೆ ಕೊಟ್ಟು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿದರು. ನನಗಿಂತ ಮೊದಲು ನಡೆದ ಧೈರ್ಯವಂತರೆಲ್ಲ ಚೆಲ್ಲಿದರು. ನಾನು ಒಂದು ಹನಿಯನ್ನೂ ಚೆಲ್ಲಲಿಲ್ಲ. ಚೆಲ್ಲೀತೆಂಬ ಭಯ ನನ್ನಷ್ಟು ಇನ್ನಾರಿಗೂ ಇರಲಿಲ್ಲ.

ಮನೆಗೆ ಬರೆದದ್ದು ಇಷ್ಟೆ: ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೂರು ವರ್ಷದ ಮೇಲೆ ಮೊದಲ ದರ್ಜೆಗೆ ಹಾಕಿ ಬಡ್ತಿ ಕೊಟ್ಟಾಗ ಹುದ್ದೆಯ ಹೆಸರನ್ನೂ ಬರೆದೆ: ಅಸಿಸ್ಟೆಂಟ್ ಫ್ಲೈಟ್ ಪರ್ಸರ್. ಅಪ್ಪನ ಹತ್ತಿರ ಕಂದು ಕಾಗದದ ಹೊದಿಕೆ ಹಾಕಿದ ಒಂದು ದಪ್ಪ ನಿಘಂಟಿತ್ತು. ಅದರಲ್ಲಿ ಪರ್ಸರ್ ಎಂಬುದಕ್ಕೆ 'ಹಡಗಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಅಧಿಕಾರಿ' ಎಂದಿತ್ತಂತೆ. ಹಡಗು ಇದ್ದಲ್ಲಿ ಅಪ್ಪ ವಿಮಾನ ಹಾಕಿಕೊಂಡರು. ಮುಂದಿನ ಸಲ ನಾನು ನ್ಯಾಮತಿಗೆ ಬಂದಾಗ ಬಸ್ ಇಳಿದ ಕೂಡಲೆ ಸೈಕಲ್ ಅಂಗಡಿಯವರು ಎದ್ದು ನಿಂತು, "ಬರ್ರಿ ಆಫೀಸರ್ರೇ" ಅಂದರು. ಇಲ್ಲ, ನಾನು ತಟ್ಟೆ ಹಿಡಿಯುವವನು ಎಂದು ಅಲ್ಲೇ ಹೇಳಬಹುದಿತ್ತು. ನಾನು ನಕ್ಕು, ಚೀಲ ಎತ್ತಿಕೊಂಡು ಮನೆಗೆ ನಡೆದೆ.

ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅಪ್ಪನ ವಿಷಯ ನನಗೆ ಗೊತ್ತಿತ್ತು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಅವರು ಪದ್ಯವೊಂದರಲ್ಲಿ ಬಂದ 'ಅರಿ' ಎಂಬ ಮಾತಿಗೆ 'ತಿಳಿ' ಎಂದು ಅರ್ಥ ಹೇಳಿದರು. ಸಂಜೆ ನಿಘಂಟು ತೆರೆದಾಗ ಆ ಪದ್ಯದಲ್ಲಿ ಅದು 'ಶತ್ರು' ಎಂದು ಗೊತ್ತಾಯಿತು. ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ತರಗತಿಯ ಮೂವತ್ತು ಮಕ್ಕಳ ಮನೆಗೂ ಹೋಗಿ, ಹೊಸ್ತಿಲಲ್ಲಿ ನಿಂತು ತಮ್ಮ ತಪ್ಪನ್ನು ಹೇಳಿ ಸರಿಪಡಿಸಿ ಬಂದರು. ಅವರ ಬೆರಳು ಹಿಡಿದು ನಾಚಿಕೆಯಿಂದ ತಲೆ ತಗ್ಗಿಸಿ ನಡೆದವನು ನಾನು. "ನಾಳೆ ಹೇಳಿದ್ರೆ ಆಗ್ತಿರ್ಲಿಲ್ವಾ ಅಪ್ಪ?" ಎಂದು ಕೇಳಿದ್ದಕ್ಕೆ, "ತಪ್ಪು ಅವರ ತಲೆಯಾಗೆ ಒಂದು ರಾತ್ರಿ ಮಲಗಿದ್ರೆ ಆಮೇಲೆ ಎಬ್ಸಾಕೆ ಕಷ್ಟ" ಎಂದಿದ್ದರು. ಅಂಥವರಿಗೆ ನಾನು ಊರ ತುಂಬ ತಪ್ಪು ಅರ್ಥ ಹೇಳಲು ಬಿಟ್ಟಿದ್ದೆ.

ಇನ್ನು ನನ್ನ ಕೆಲಸ. ಷಾಂಪೇನು ಬಾಟಲಿಯ ಬಿರಡೆ ಸದ್ದು ಮಾಡಿಕೊಂಡು ಹಾರಬಾರದು. ಹಾಗೆ ಹಾರಿಸುವುದು ತಿಳಿಯದವರ ಕೆಲಸ ಎಂದು ನಮಗೆ ಕಲಿಸಿದ್ದರು. ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು. ಆಗ ಯಾರೋ ಮೆಲ್ಲಗೆ ಉಸಿರುಬಿಟ್ಟಂಥ ಸದ್ದು ಬರುತ್ತದೆ, ಅಷ್ಟೆ. ಕ್ಯಾವಿಯಾರಿನದು ಇನ್ನೂ ನಾಜೂಕು. ಅದು ಮೀನಿನ ಮೊಟ್ಟೆ. ಸಾಸಿವೆಗಿಂತ ತುಸು ದೊಡ್ಡದಾದ ಕಪ್ಪು ಕಾಳುಗಳು ಪುಟ್ಟ ಡಬ್ಬಿಯಲ್ಲಿರುತ್ತವೆ. ಡಬ್ಬಿಯನ್ನು ಪುಡಿ ಮಂಜುಗಡ್ಡೆಯಲ್ಲಿ ಹೂತಿಟ್ಟು ಗಾಡಿಯಲ್ಲಿ ತಳ್ಳಿಕೊಂಡು ಹೋಗಬೇಕು. ಬೆಳ್ಳಿ ಚಮಚ ತಾಕಿದರೆ ರುಚಿ ಕೆಡುತ್ತದೆಂದು ಚಿಪ್ಪಿನ ಚಮಚ. ಜೊತೆಗೆ ತೆಳ್ಳಗೆ ಸುಟ್ಟ ಬ್ರೆಡ್ಡು, ಸಣ್ಣಗೆ ಹೆಚ್ಚಿದ ಈರುಳ್ಳಿ, ನಿಂಬೆಹೋಳು.

ಚಿಕ್ಕವನಿದ್ದಾಗ ಹೊನ್ನಾಳಿ ಸೇತುವೆಯ ಹತ್ತಿರ ಹೊಳೆ ಮೀನು ಮಾರುವ ಕಡೆ ಬಸ್ಸು ನಿಧಾನವಾದರೆ ಅವ್ವ ತನ್ನ ಸೆರಗಿನಿಂದ ನನ್ನ ಮೂಗು ಮುಚ್ಚುತ್ತಿದ್ದಳು. ಈಗ ಅದೇ ಮೂಗಿನ ಕೆಳಗೆ ಆ ಡಬ್ಬಿ ಹಿಡಿದುಕೊಂಡು ನಗುನಗುತ್ತ ಓಡಾಡುತ್ತಿದ್ದೆ. ಅಂಗಿಯೊಳಗೆ ಎದೆಯ ಮೇಲೆ ಕರಡಿಗೆಯಲ್ಲಿ ಲಿಂಗ, ಅದರ ಮೇಲೆ ಟೈ. ಡಬ್ಬಿ ಮುಟ್ಟಿದ ಪ್ರತಿಸಲವೂ ಹೋಗಿ ಸೋಪು ಹಾಕಿ ಕೈ ತೊಳೆಯುತ್ತಿದ್ದೆ. ಜೊತೆಯವರು ನನ್ನನ್ನು ಬಹಳ ಶುಚಿಯ ಮನುಷ್ಯ ಎಂದು ಹೊಗಳುತ್ತಿದ್ದರು. ಒಂದು ಕಾಳನ್ನೂ ಒಂದು ಹನಿಯನ್ನೂ ಬಾಯಿಗಿಟ್ಟವನಲ್ಲ. ಎಲ್ಲರ ಊಟ ಮುಗಿದ ಮೇಲೆ ಹಿಂದಿನ ಪುಟ್ಟ ಅಡುಗೆಮನೆಯಲ್ಲಿ ನಿಂತು ಮೊಸರನ್ನ ತಿನ್ನುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಒಂದು ಪ್ರಯಾಣ. ಬೊಂಬಾಯಿಯಿಂದ ಜರ್ಮನಿಗೆ ಹೊರಟಿದ್ದೆವು. ಹಿಂದಿನ ದರ್ಜೆ ತುಂಬಿಹೋಗಿದ್ದರಿಂದ ಇಬ್ಬರು ಮೂವರನ್ನು ಮುಂದೆ ತಂದು ಕೂರಿಸಿದ್ದರು. ಅವರಲ್ಲೊಬ್ಬರು ಐವತ್ತರ ಹತ್ತಿರದವರು. ಮಡಿಕೆಯ ಗುರುತು ಇನ್ನೂ ಹೋಗದ ಹೊಸ ಕೋಟು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಆ ವಿಭೂತಿ ನೋಡಿದ ಕೂಡಲೆ ನಾನು ಟೈ ಸರಿಮಾಡಿಕೊಂಡೆ. ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ ಷಾಂಪೇನು ಒಡ್ಡಿದೆ. "ಜ್ಯೂಸ್?" ಎಂದು ಕೇಳಿದರು. "ಷಾಂಪೇನ್, ಸರ್. ದ್ರಾಕ್ಷಿಯಿಂದ ಮಾಡಿದ್ದು" ಎಂದೆ, ಇಂಗ್ಲಿಷಿನಲ್ಲೇ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವರು ದ್ರಾಕ್ಷಿ ಎಂಬ ಮಾತನ್ನಷ್ಟೇ ಹಿಡಿದುಕೊಂಡು ಕುಡಿದರು. ಇನ್ನೊಂದು ಲೋಟವನ್ನೂ ಕುಡಿದರು.

ಆಮೇಲೆ ಕ್ಯಾವಿಯಾರಿನ ಗಾಡಿ ಅವರ ಮುಂದೆ ಬಂತು. ಅವರು ಬಗ್ಗಿ ಡಬ್ಬಿಯೊಳಗೆ ನೋಡಿ ತಮ್ಮಷ್ಟಕ್ಕೆ ತಾವು ಮೆಲ್ಲಗೆ ಹೇಳಿಕೊಂಡರು: "ಕಾಮಕಸ್ತೂರಿ ಬೀಜ ನೆನೆ ಹಾಕ್ದಂಗೈತೆ."

ನಮ್ಮ ಕಡೆಯ ಕನ್ನಡ. ಚಮಚ ಹಿಡಿದ ನನ್ನ ಕೈ ನಿಂತುಹೋಯಿತು. ಸಾರ್, ಇದು ಮೀನಿನ ಮೊಟ್ಟೆ, ನಿಮಗೆ ಆಗೋದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಹೇಳಿದರೆ ಅವರು ಯಾವೂರು ಎಂದು ಕೇಳುತ್ತಾರೆ. ಊರು ಹೇಳಿದರೆ ಯಾರ ಮಗ ಎಂದು ಕೇಳುತ್ತಾರೆ. ನಮ್ಮ ಸೀಮೆಯ ಜನಕ್ಕೆ ಆ ಎರಡು ಪ್ರಶ್ನೆ ಸಾಕು, ಎಲ್ಲಿದ್ದವರೂ ನಮ್ಮ ಮನೆಯ ಜಗಲಿಗೆ ಬಂದು ಮುಟ್ಟುತ್ತಾರೆ. "ಕ್ಯಾವಿಯಾರ್, ಸರ್" ಎಂದಷ್ಟೇ ಹೇಳಿ ಬಡಿಸಿದೆ. ಅವರು ನಿಂಬೆಹಣ್ಣು ಹಿಂಡಿಕೊಂಡು ತಿಂದು, ತಲೆದೂಗಿ, ತಟ್ಟೆಯನ್ನು ಮತ್ತೆ ಮುಂದೆ ಹಿಡಿದರು. ಎರಡನೆಯ ಸಲವೂ ಬಡಿಸಿದೆ.

ಬೆಳಗ್ಗೆ ಇಳಿಯುವಾಗ ಅವರು ನನಗೆ ಕೈಮುಗಿದರು. ಮುಖ ನೋಡಲಿಲ್ಲ. ಮೊದಲ ದರ್ಜೆಯಲ್ಲಿ ಬಡಿಸುವವನ ಮುಖವನ್ನು ಯಾರೂ ನೋಡುವುದಿಲ್ಲ, ಕೈಯನ್ನಷ್ಟೇ ನೋಡುತ್ತಾರೆ. ನನಗೆ ಅವತ್ತು ಅದೇ ದೊಡ್ಡ ಸಮಾಧಾನ.

ಸುಮಾರು ಒಂದು ವರ್ಷ ಕಳೆಯಿತು. ರಜೆಗೆ ಬಂದಾಗ ಅಪ್ಪ, ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಸಿದ್ದಲಿಂಗಪ್ಪನವರ ಮಗಳನ್ನು ನೋಡಿ ಬರೋಣ ಎಂದರು. ಹುಡುಗಿಯ ಹೆಸರು ಸರ್ವಮಂಗಳಾ, ಬಿ.ಎ. ಓದುತ್ತಿದ್ದಳು. ಅವ್ವನಿಗೆ ಬಸ್ಸಿನ ವಾಸನೆ ಆಗದು. ಮೊದಲು ನಾವಿಬ್ಬರೇ ಹೋಗಿ ಬರುವುದೆಂದಾಯಿತು. ನ್ಯಾಮತಿಯಿಂದ ಹೊನ್ನಾಳಿಗೆ ಒಂದು ಬಸ್ಸು, ಅಲ್ಲಿಂದ ಚನ್ನಗಿರಿಗೆ ಇನ್ನೊಂದು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಕೆಲಸದ ವಿಷಯ ಕೇಳಿದರೆ ಏನು ಹೇಳುವುದು?

ಸಿದ್ದಲಿಂಗಪ್ಪನವರ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತೆವು. ಒಳಗಿನಿಂದ ಒಬ್ಬರು ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ.

"ಇವರು ಮುರಿಗೆಪ್ಪ ಅಂತ, ನನ್ನ ಹೆಂಡ್ತಿ ಅಣ್ಣ" ಎಂದರು ಸಿದ್ದಲಿಂಗಪ್ಪ. "ಜಗಳೂರಾಗೆ ಶೇಂಗಾ ಎಣ್ಣೆ ಮಿಲ್ಲು ಐತೆ. ಹುಡುಗಿಗೆ ಸೋದರಮಾವ. ಅವರು ಹೂಂ ಅನ್ನದೆ ನಮ್ಮನೇಲಿ ಏನೂ ನಡಿಯಾದಿಲ್ಲ."

ಕೋಟಿರಲಿಲ್ಲ, ಅಷ್ಟೆ. ಅದೇ ಮುಖ. ಅವರು ನನ್ನ ಮುಖವನ್ನು ಚೆನ್ನಾಗಿಯೇ ನೋಡಿದರು. ಗುರುತು ಹತ್ತಲಿಲ್ಲ.

ಅಪ್ಪ ಎಂದಿನಂತೆ ಶುರುಮಾಡಿದರು. "ನನ್ನ ಮಗ ವಿಮಾನದಾಗೆ ಪರ್ಸರ್. ಅಂದ್ರೆ ಲೆಕ್ಕಪತ್ರ ನೋಡೋ ಅಧಿಕಾರಿ."

"ವಿಮಾನ ಅಂದ್ರೆ ನಂಗೂ ಗೊತ್ತು ಬಿಡ್ರಿ ಮೇಷ್ಟ್ರೇ" ಎಂದು ಮುರಿಗೆಪ್ಪನವರು ಕಾಲು ಮಡಿಸಿ ಕೂತರು. "ಹೋದ ವರ್ಸ ಮಿಲ್ಲಿನ ಮಿಷನ್ನು ನೋಡಾಕೆ ಜರ್ಮನಿಗೆ ಹೋಗಿದ್ದೆ. ಹಿಂದೆ ಜಾಗ ಇಲ್ಲ ಅಂತ ಮುಂದೆ ಕುಂದ್ರಿಸಿದ್ರು. ಏನು ಉಪಚಾರ ಅಂತೀರಿ. ದ್ರಾಕ್ಷಿ ಶರಬತ್ತು ಕೊಟ್ರು, ಗುಳ್ಳೆ ಏಳ್ತಿದ್ವು. ಕುಡುದ್ರೆ ತಲೆ ಹಗುರಾಗಿ ಒಳ್ಳೆ ನಿದ್ದೆ ಬಂತು. ಆಮ್ಯಾಲೆ ಅದೇನೋ ಬೀಜ. ಕರ್ರಗೆ, ಉಪ್ಪುಪ್ಪಗೆ, ಬಾಯಾಗೆ ಇಟ್ರೆ ಪಟ್ ಅಂತ ಒಡೀತಿದ್ವು. ಅಂಥ ಬೀಜ ನಮ್ಮ ಜಗಳೂರು ನೆಲದಾಗೆ ಬೆಳೆಯಾಕೆ ಬರ್ತೈತೇನೋ ನೋಡ್ಬೇಕು ಅಂತ ಅವತ್ತಿಂದ ಯೋಚ್ನೆ. ನೀರು ಜಾಸ್ತಿ ಬೇಡದ ಬೆಳೆ ಆದ್ರೆ ಒಳ್ಳೇದಲ್ವಾ?"

ನೀರಿಲ್ಲದೆ ಬೆಳೆಯದ ಬೆಳೆ ಅದೊಂದೇ ಎಂದು ನನಗೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿದರು.

"ನೀವು ಅದೇ ಕೆಲಸದಾಗೆ ಇರೋರು. ಅದೇನು ಬೀಜ ರೀ?"

ಪಡಸಾಲೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಪ್ಪನ ಮುಖದಲ್ಲಿ, ಗೊತ್ತಿರುವ ಪ್ರಶ್ನೆಯನ್ನೇ ಇನ್‌ಸ್ಪೆಕ್ಟರು ತನ್ನ ಶಿಷ್ಯನಿಗೆ ಕೇಳಿದಾಗ ಮೇಷ್ಟ್ರ ಮುಖದಲ್ಲಿ ಕಾಣುವ ಹೆಮ್ಮೆ. "ವಿಚಾರಿಸಿ ಹೇಳ್ತೀನಿ" ಎಂದೆ.

ಅಷ್ಟರಲ್ಲಿ ಸರ್ವಮಂಗಳಾ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ನೀರಿನ ಜಗ್ಗು ನನ್ನ ಹತ್ತಿರವೇ ಇತ್ತು. ಬಾಯಾರಿ ಸಾಯುವಂತಾಗಿದ್ದರೂ ಕೈ ಹೊರಳಿದರೆ ಗತಿಯೇನೆಂದು ಮುಟ್ಟಲಿಲ್ಲ. ಉಪ್ಪಿಟ್ಟನ್ನು ಒಣಗಂಟಲಿನಲ್ಲೇ ನುಂಗಿದೆ. ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದು ಅಪ್ಪ ಹೇಳಿದಾಗ ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ವಿಮಾನ ಮೋಡದೊಳಗೆ ಹೋದ್ರೆ ಕಿಟಕಿ ಒದ್ದೆ ಆಗ್ತೈತಾ?"

"ಹೊರಗಡೆ ಹನಿ ಗೆರೆ ಎಳ್ಕಂಡು ಹೋಗ್ತಾವೆ. ಒಳಗೆ ಗೊತ್ತಾಗಲ್ಲ" ಎಂದೆ. ಅವತ್ತು ಆ ಮನೆಯಲ್ಲಿ ನಾನು ಆಡಿದ ನೆಟ್ಟಗಿನ ಮಾತು ಅದೊಂದೇ.

ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಬಹಳ ಖುಷಿಯಲ್ಲಿದ್ದರು. ಒಳ್ಳೆ ಜನ, ಹುಡುಗಿ ಕೇಳಿದ ಪ್ರಶ್ನೆ ಎಷ್ಟು ಚೆನ್ನಾಗಿತ್ತು ಎಂದು ಮತ್ತೆ ಮತ್ತೆ ಹೇಳಿದರು. ಹೊನ್ನಾಳಿ ಹತ್ತಿರವಾದಾಗ, "ಮುರಿಗೆಪ್ಪನೋರು ಬೀಜದ ವಿಚಾರ ಕೇಳಿದ್ರಲ್ಲ, ಮರೀಬೇಡ. ವಿಚಾರಿಸಿ ಹೇಳ್ತೀನಿ ಅಂದೀಯ. ಕೊಟ್ಟ ಮಾತು" ಎಂದರು.

ಹೊನ್ನಾಳಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಹೇಳಿದೆವು. ನ್ಯಾಮತಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಲೋಟ ಎತ್ತುವಾಗ ಚಹಾ ಮೇಜಿನ ಮೇಲೆ ಚೆಲ್ಲಿತು. ಸಂದರ್ಶನದ ದಿನವೂ ಚೆಲ್ಲದವನು ಅವತ್ತು ಚೆಲ್ಲಿದೆ. ಅಪ್ಪ ನನ್ನ ಮುಖ ನೋಡಿದರು.

"ಅಪ್ಪಾ, ನಾನು ಲೆಕ್ಕಪತ್ರದ ಆಫೀಸರ್ ಅಲ್ಲ."

"ಮತ್ತೆ?"

"ಬಡಿಸೋನು. ಬಂದೋರಿಗೆ ಊಟ ಬಡಿಸ್ತೀನಿ. ಕುಡಿಯೋದನ್ನೂ ಬಗ್ಗಿಸಿ ಕೊಡ್ತೀನಿ. ಪರ್ಸರ್ ಅಂದ್ರೆ ವಿಮಾನದಾಗೆ ಅದೇ."

ಅವರು ಲೋಟ ಕೆಳಗಿಟ್ಟರು. ಬಯ್ಯುತ್ತಾರೆಂದು ಕಾದೆ. ಅದಕ್ಕಿಂತ ಹೆಚ್ಚಾಗಿ, ಅಳುತ್ತಾರೇನೋ ಎಂದು ಹೆದರಿದೆ.

"ಕುಡಿಯೋದು ಅಂದ್ರೆ ಹೆಂಡಾನಾ?"

"ಹೂಂ."

"ನೀನು ಕುಡೀತೀಯಾ?"

"ಇಲ್ಲ."

"ಬಡ್ಸೋದ್ರಾಗೆ ಮಾಂಸ ಇರ್ತೈತಾ?"

"ಇರ್ತೈತೆ. ನಾನು ತಿನ್ನಲ್ಲ."

ಅಪ್ಪ ಚೆಲ್ಲಿದ ಚಹಾವನ್ನು ಟವಲಿನಿಂದ ಒರೆಸಿದರು. ಕೊನೆಗೆ, "ಎರಡು ವರ್ಸದಿಂದ ಊರ ತುಂಬ ತಪ್ಪು ಅರ್ಥ ಹೇಳ್ಕಂಡು ಬಂದೀನಲ್ಲೋ" ಎಂದರು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ವಿಚಾರಣೆಯ ಕಿಟಕಿಗೆ ಹೋಗಿ, ಚನ್ನಗಿರಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ನಾನು ಹಿಂದೆಯೇ ಓಡಿದೆ. "ಪತ್ರ ಬರೆದ್ರೆ ಆಗಲ್ವಾ ಅಪ್ಪ?"

"ಪತ್ರ ಹೋಗಾಕೆ ಮೂರು ದಿನ ಬೇಕು. ಮೂರು ದಿನ ಅವರು ತಪ್ಪು ತಿಳ್ಕಂಡಿರ್ತಾರೆ. ಲಗ್ನದ ಮಾತು ಇದು."

ಮತ್ತೆ ಚನ್ನಗಿರಿ ಬಸ್ಸು ಹತ್ತಿದೆವು. ಅರ್ಧ ದಾರಿಯಾದ ಮೇಲೆ ನಾನು ಬೀಜದ ಸಂಗತಿಯನ್ನೂ ಹೇಳಿದೆ. ಒಮ್ಮೆ ಶುರುವಾದ ಮೇಲೆ ಒಳಗೆ ಇಟ್ಟುಕೊಳ್ಳುವುದಕ್ಕೆ ಆಗಲಿಲ್ಲ. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡರು.

"ಅವರು ಲಿಂಗಧಾರಿ ಅಂತ ಗೊತ್ತಿತ್ತಾ?"

"ವಿಭೂತಿ ಇತ್ತು."

"ಏನು ಅಂತ ನಿನ್ನ ಕೇಳಿದ್ರಾ?"

"ನನ್ನ ಕೇಳ್ಲಿಲ್ಲ. ಬೀಜ ಇದ್ದಂಗೈತೆ ಅಂತ ತಮಗೆ ತಾವೇ ಅಂದ್ಕಂಡ್ರು."

"ನೀನು ಕೇಳಿಸ್ಕಂಡೆ."

"ಹೂಂ."

"ಇದನ್ನ ನಾನು ಹೇಳಾಕಾಗಲ್ಲ" ಎಂದರು ಅಪ್ಪ. "ನಾನು ಹೇಳಿದ ತಪ್ಪು ನಾನು ತಿದ್ದುತೀನಿ. ಇದು ನಿಂದು."

ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆ ರಸ್ತೆಯಲ್ಲಿ ವಾರಕ್ಕೆರಡು ಸಲವಾದರೂ ಕೆಡುತ್ತಿದ್ದ ಬಸ್ಸು ಅವತ್ತು ಕೆಡಲಿಲ್ಲ.

ಸಂಜೆಯ ಬಿಸಿಲು ಇನ್ನೂ ಇತ್ತು. ಬಾಗಿಲಲ್ಲಿ ನಮ್ಮನ್ನು ಕಂಡು ಸಿದ್ದಲಿಂಗಪ್ಪನವರು, "ಏನ್ ಮೇಷ್ಟ್ರೇ, ಛತ್ರಿ ಮರ್ತು ಹೋದ್ರಾ?" ಎಂದರು.

"ಒಂದು ಮಾತು ತಪ್ಪು ಹೇಳಿ ಹೋಗಿದ್ದೆ. ತಿದ್ದಿ ಹೋಗಾಕೆ ಬಂದೆ" ಎಂದು ಅಪ್ಪ ಪಡಸಾಲೆಯಲ್ಲಿ ನಿಂತೇ ಹೇಳಿದರು. ಕೂರಿರಿ ಎಂದರೂ ಕೂರಲಿಲ್ಲ. ಪರ್ಸರ್ ಅಂದರೆ ಏನೆಂದು ತಾವು ಓದಿದ್ದು, ವಿಮಾನದಲ್ಲಿ ಅದು ಏನೆಂಬುದು, ಮಗ ಏನು ಬಡಿಸುತ್ತಾನೆ, ಏನು ಬಗ್ಗಿಸುತ್ತಾನೆ, ಎಲ್ಲವನ್ನೂ ಪಾಠ ಹೇಳುವವರ ಹಾಗೆ ಬಿಡಿಬಿಡಿಯಾಗಿ ಹೇಳಿದರು. ಕೈಯಲ್ಲಿದ್ದ ಚೀಲದ ಹಿಡಿಕೆಯನ್ನು ಮಾತ್ರ ಹಿಂಡುತ್ತಿದ್ದರು. ಒಳಬಾಗಿಲ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು. 

ಸಿದ್ದಲಿಂಗಪ್ಪನವರು ತಮ್ಮ ಮೀಸೆ ಸವರಿಕೊಂಡರು. ಆಮೇಲೆ, "ಹುಡುಗೀನ ಕೇಳ್ಬೇಕು, ಭಾವನ್ನ ಕೇಳ್ಬೇಕು. ತಿಳಿಸ್ತೀವಿ" ಎಂದರು.

ಭಾವ ಎಂದರೆ ಮುರಿಗೆಪ್ಪನವರು. ಅವರು ಹಿತ್ತಲಲ್ಲಿ ನೀರಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಅಪ್ಪ ನನ್ನನ್ನು ನೋಡಿದರು. ನಾನು ಹಿತ್ತಲಿಗೆ ಹೋದೆ.

"ನೀವು ಜರ್ಮನಿಗೆ ಹೋದ ದಿನ ನಿಮಗೆ ಬಡಿಸಿದೋನು ನಾನೇ" ಎಂದೆ.

ಅವರು ತಲೆಯೆತ್ತಿ ನನ್ನ ಮುಖ ನೋಡಿ, ಆಮೇಲೆ ಕೈ ನೋಡಿದರು. ಆಗ ಗುರುತು ಹತ್ತಿತು. ಮುಖ ಅರಳಿತು. "ಅರೆ, ಹೌದಲ್ರೀ" ಎನ್ನುತ್ತಿದ್ದರು.

"ಅದು ಬೀಜ ಅಲ್ಲ. ಮೀನಿನ ಮೊಟ್ಟೆ."

ಅವರ ಕೈಯಲ್ಲಿ ಒಂದು ಚೊಂಬು ನೀರಿತ್ತು. ಅವರು ಬಾಯಿ ಮುಕ್ಕಳಿಸಿ ಉಗುಳಿದರು. ಮತ್ತೆ ಮುಕ್ಕಳಿಸಿದರು. ಚೊಂಬು ಬರಿದಾಗುವ ತನಕ ಮುಕ್ಕಳಿಸಿದರು. ತಿಂದು ಒಂದು ವರ್ಷವಾಗಿತ್ತು. ನಾನು ಕೈಕಟ್ಟಿಕೊಂಡು ನಿಂತಿದ್ದೆ.

"ಎರಡು ಸಲ ಹಾಕಿಸ್ಕಂಡೆನಲ್ರೀ" ಎಂದರು. ಆಮೇಲೆ, "ಶರಬತ್ತು?"

"ಅದೂ ಹೆಂಡದ ಜಾತೀದೇ."

"ಅದ್ರ ಮ್ಯಾಲೆ ನಂಗೂ ಒಂದಿಷ್ಟು ಅನುಮಾನ ಇತ್ತು. ಅದು ಹೋಗ್ಲಿ ಬಿಡ್ರಿ." ಚೊಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿದರು. "ನಾನು ಆಡಿದ ಮಾತು ನಿಮಗೆ ತಿಳೀತಾ ಅವತ್ತು?"

"ತಿಳೀತು."

"ಅಷ್ಟು ದೊಡ್ಡ ವಿಮಾನದಾಗೆ ನನ್ನ ಮಾತು ತಿಳಿಯೋರು ನೀವೊಬ್ರೇ ಇದ್ರಿ."

ಬಯ್ದಿದ್ದರೆ ನಾನು ಅವತ್ತೇ ಮರೆಯುತ್ತಿದ್ದೆನೇನೋ.

ಎಂಟು ದಿನದ ಮೇಲೆ ಸಿದ್ದಲಿಂಗಪ್ಪನವರ ಪತ್ರ ಬಂತು. ಲಗ್ನ ಗೊತ್ತುಮಾಡಲು ಬನ್ನಿರಿ ಎಂದಿತ್ತು. ಅಪ್ಪ ಆ ಎಂಟು ದಿನದಲ್ಲಿ ನ್ಯಾಮತಿಯ ಅಂಗಡಿ ಅಂಗಡಿಗೂ ಹೋಗಿ ಪರ್ಸರ್ ಶಬ್ದದ ಅರ್ಥವನ್ನು ತಿದ್ದಿ ಮುಗಿಸಿದ್ದರು. ಸೈಕಲ್ ಅಂಗಡಿಯವರು ಆಮೇಲೂ ನನ್ನನ್ನು ಕಂಡು ಎದ್ದು ನಿಲ್ಲುತ್ತಿದ್ದರು. ಈಗ ಕೇಳುತ್ತಿದ್ದ ಪ್ರಶ್ನೆ ಮಾತ್ರ ಬೇರೆ: "ಬರಾವಾಗ ಒಂದು ಬಾಟ್ಲಿ ತರಾಕೆ ಬಿಡ್ತಾರಾ?"

ಒಪ್ಪಿದ್ದು ಯಾಕೆಂದು ಮದುವೆಯಾದ ಮೇಲೆ ಸರ್ವಮಂಗಳಾಳನ್ನು ಕೇಳಿದೆ. "ಬಡಿಸೋರು ಅಂದ್ರೆ ನಂಗೇನೂ ಅನ್ನಿಸ್ಲಿಲ್ಲ. ಅಪ್ಪನೇ ಹಿಂದೆಮುಂದೆ ನೋಡ್ತಿದ್ದ. ಮಾಮನ್ನ ಕೇಳ್ದ" ಎಂದಳು. ಮಾಮ ಹೇಳಿದ್ದು ಇಷ್ಟಂತೆ: "ಹುಡುಗ ಸುಳ್ಳು ಹೇಳಲ್ಲ, ಸುಮ್ನಿದ್ದು ಬಿಡ್ತಾನೆ. ಅದು ಸುಳ್ಳಿಗಿಂತ ಕೆಟ್ಟದ್ದು. ಆದ್ರೆ ತಿರುಗಿ ಬಂದು ಹೇಳಿದ್ನಲ್ಲ. ಕೊಡ್ರಿ." ಯಾವ ವಿಷಯಕ್ಕೆ ಹಾಗೆಂದರು ಎಂದು ಅವಳಿಗೆ ಗೊತ್ತಿರಲಿಲ್ಲ. ಮೀನಿನ ಮೊಟ್ಟೆಯ ಸಂಗತಿ ಅಪ್ಪ, ಮುರಿಗೆಪ್ಪನವರು, ನಾನು, ಮೂವರ ನಡುವೆಯೇ ಉಳಿಯಿತು.

ಮುರಿಗೆಪ್ಪನವರು ಮದುವೆಗೆ ಬಂದರು, ನಿಂತು ಎಲ್ಲ ನಡೆಸಿಕೊಟ್ಟರು. ನಮ್ಮ ಮಗಳು ಹುಟ್ಟಿದಾಗ ಬಂದು ಎತ್ತಿಕೊಂಡರು. ನಾನು ಕೆಲಸ ಬಿಟ್ಟು ನ್ಯಾಮತಿಗೆ ಬಂದು ಪುಸ್ತಕ, ಪೆನ್ನು ಮಾರುವ ಅಂಗಡಿ ಹಾಕಿದಾಗ ಪೂಜೆಗೂ ಬಂದರು. ಆದರೆ ನಮ್ಮ ಮನೆಯಲ್ಲಿ ಒಂದು ತುತ್ತನ್ನೂ ಉಣ್ಣಲಿಲ್ಲ. ತಟ್ಟೆ ಹಾಕಿದರೆ, "ಈಗ ಉಂಡು ಬಂದೀನಿ ಕಣವ್ವ" ಎನ್ನುತ್ತಿದ್ದರು. ನೀರನ್ನೂ ಕುಡಿಯುತ್ತಿರಲಿಲ್ಲ. ಚೀಲದಲ್ಲಿ ತಮ್ಮದೇ ನೀರಿನ ಬಾಟಲಿ ಇರುತ್ತಿತ್ತು.

ಮೊದಲ ವರ್ಷ ಇದು ಯಾರಿಗೂ ಹೊಳೆಯಲಿಲ್ಲ. ಎರಡನೆಯ ವರ್ಷ ಹೆಂಡತಿ ಕೇಳಿದಳು: "ಮಾಮಗೆ ನಿಮ್ಮ ಮ್ಯಾಲೆ ಏನು ಸಿಟ್ಟು?" ಸಿಟ್ಟೇನಿಲ್ಲ, ವಯಸ್ಸಾಯಿತು, ಪಥ್ಯ ಇರಬೇಕು ಎಂದೆ. ಅವರ ಮೋಟರ್ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ನಾನು ನೀರಿನ ಲೋಟ ತೊಳೆದಿಡುತ್ತಿದ್ದೆ. ಇವತ್ತಾದರೂ ಒಂದು ಲೋಟ ನೀರು ಕುಡಿದಾರೇ ಎಂದು ಅವರು ಕೂತಷ್ಟು ಹೊತ್ತೂ ಲೆಕ್ಕ ಹಾಕುತ್ತಿದ್ದೆ. ಅವರು ನಗುತ್ತ ಮಾತಾಡಿ, ಜಗಳೂರಿನ ಶೇಂಗಾ ಚೀಲ ಇಳಿಸಿ, ಬಾಯಾರಿಕೊಂಡೇ ಹೋಗುತ್ತಿದ್ದರು. ಎಂಟೊಂಬತ್ತು ವರ್ಷ ಹೀಗೇ ನಡೆಯಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಟೈಫಾಯಿಡ್ ಆಯಿತು. ಅವರ ಹೆಂಡತಿಗೆ ಕಣ್ಣು ಮಂಜು. ಹಾಗಾಗಿ ಸರ್ವಮಂಗಳಾ ಹದಿನೈದು ದಿನದ ಮಟ್ಟಿಗೆ ಜಗಳೂರಿಗೆ ಹೋದಳು. ಅವಳನ್ನು ಕರೆದುಕೊಂಡು ಬರಲು ನಾನು ಹೋದ ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಔಷಧಿ ತರಲು ಡಾಕ್ಟರ ಹತ್ತಿರ ಹೊರಟಿದ್ದರು. "ನಾಕು ಗಂಟೆಗೆ ಮಾಮಗೆ ಗಂಜಿ ಕೊಡ್ಬೇಕು. ನಾವು ಬರಾದು ತಡ ಆದ್ರೆ ನೀವೇ ಮಾಡಿ ಕೊಡ್ರಿ" ಎಂದು ಹೇಳಿ ಹೋದಳು. ಅವಳಿಗೇನು ಗೊತ್ತು?

ನಾಲ್ಕಾಯಿತು. ಅವರು ಬರಲಿಲ್ಲ. ನಾಲ್ಕೂಕಾಲರ ತನಕ ಬಾಗಿಲು, ಬೀದಿ, ಗಡಿಯಾರ ನೋಡಿದೆ. ಆಮೇಲೆ ಒಲೆ ಹಚ್ಚಿದೆ.

ಬಟ್ಟಲು ಹಿಡಿದು ಕೋಣೆಗೆ ಹೋದಾಗ ಮುರಿಗೆಪ್ಪನವರು ದಿಂಬಿಗೆ ಒರಗಿ ಎಚ್ಚರವಾಗಿದ್ದರು. ಮುಖ ಅರ್ಧವಾಗಿತ್ತು. ನನ್ನ ಹಿಂದೆ ಬೇರೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು. ಯಾರೂ ಇರಲಿಲ್ಲ.

"ಯಾರು ಮಾಡಿದ್ದು?"

"ನಾನೇ."

ನಾನು ಕುರ್ಚಿ ಎಳೆದುಕೊಳ್ಳಲಿಲ್ಲ. ಬೇಡ ಎಂದರೆ ಬಟ್ಟಲು ಅಲ್ಲೇ ಇಟ್ಟು, ಹೆಂಗಸರು ಬರುವ ತನಕ ಹೊರಗೆ ಕೂತರಾಯಿತು ಎಂದುಕೊಳ್ಳುತ್ತ ನಿಂತಿದ್ದೆ. ಅವರು ಬಟ್ಟಲನ್ನೇ ನೋಡಿದರು.

"ಏನೇನು ಹಾಕೀರಿ?"

"ನುಚ್ಚಕ್ಕಿ."

"ಮತ್ತೆ?"

"ಉಪ್ಪು. ಚೂರು ಜೀರಿಗೆ, ಹುರಿದು ಪುಡಿ ಮಾಡಿದ್ದು. ಕೊನೆಗೆ ಒಂದು ಹನಿ ತುಪ್ಪ."

"ಬೇರೆ ಏನೂ ಇಲ್ಲ?"

"ಇಲ್ಲ ಮಾವ. ಬೇರೆ ಏನೂ ಇಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಬಾಯಿ ತೆರೆದರು. ನಾನು ಮಂಚದ ಅಂಚಿನಲ್ಲಿ ಕೂತು ಒಂದು ಚಮಚ ಗಂಜಿ ಹಾಕಿದೆ. ನುಂಗಿದರು. ಇನ್ನೊಂದು ಹಾಕಿದೆ. ಅದನ್ನೂ ನುಂಗಿ, ತುಟಿ ಒರೆಸಿಕೊಂಡು ಹೇಳಿದರು: "ಉಪ್ಪು ಸ್ವಲ್ಪ ಕಮ್ಮಿ ಐತೆ."

ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ. ಉಪ್ಪಿನ ಡಬ್ಬಿ ಕಣ್ಣೆದುರಿಗೇ ಇತ್ತು. ಆದರೂ ಅದನ್ನು ಹುಡುಕುತ್ತ ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.